ಸೇಡಂ ಬೋರ್ಡಿನ ಬಸ್ಸು, ಇಂಡೋನೇಷ್ಯಾದ ರಸ್ತೆ: ಗಾಡಿಗೆ ಬಣ್ಣ ಹಚ್ಚಿದವರ ಚರಿತ್ರೆ

ಮೊಬೈಲ್‌ನಲ್ಲಿ ಒಂದು ಬಸ್ಸು ಓಡುತ್ತಿದೆ. ಮುಂದೆ ‘ಸೇಡಂ – ಚಿಂಚೋಳಿ’ ಅಂತ ಬೋರ್ಡು. ನಂಬರ್ ಪ್ಲೇಟು ಕೆಎ 32 ಎಫ್‌ನಿಂದ ಶುರು, ಅಂದರೆ ನಮ್ಮ ಕಲಬುರಗಿಯ ಸರ್ಕಾರಿ ಬಸ್ಸು. ಆದರೆ ರಸ್ತೆಯ ಬದಿಗೆ ತೊಗರಿ ಹೊಲವೂ ಇಲ್ಲ, ಸಿಮೆಂಟ್ ಫ್ಯಾಕ್ಟರಿಯ ಚಿಮಣಿಯೂ ಇಲ್ಲ. ಅಂಗಡಿ ಬೋರ್ಡುಗಳು ಯಾವುದೋ ಬೇರೆ ಭಾಷೆಯಲ್ಲಿವೆ. ಅದು ಇಂಡೋನೇಷ್ಯಾ ದೇಶ. ಆಟದ ಹೆಸರು ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’. ಆಡುವವರ ಬಾಯಲ್ಲಿ ‘ಬಸ್‌ಸಿಡ್’.

ಆಟ ಮಾಡಿದ ಇಂಡೋನೇಷ್ಯಾದ ಕಂಪನಿಗೆ ಸೇಡಂ ಎಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ. ಆ ಬಸ್ಸಿಗೆ ನಮ್ಮ ಬಣ್ಣ, ನಮ್ಮ ಬೋರ್ಡು ಹಾಕಿದವರು ನಮ್ಮ ಕಡೆಯ ಹುಡುಗರೇ. ಇದಕ್ಕೆ ಅವರು ‘ಸ್ಕಿನ್’ ಅಥವಾ ‘ಲಿವರಿ’ ಅನ್ನುತ್ತಾರೆ. ಮನೆಯವರು ‘ಓದೋದು ಬಿಟ್ಟು ಮೊಬೈಲ್ ಹಿಡಿದು ಕೂತಾನ’ ಅಂತ ಬೈಯುತ್ತಾರೆ. ಬೈಯುವುದು ತಪ್ಪಲ್ಲ. ಆದರೆ ಆ ಚಿತ್ರದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ನಾಳೆ ನಮ್ಮ ಊರಿನ ಬಸ್ಸುಗಳು ಹೇಗಿದ್ದವು ಅಂತ ಯಾರಾದರೂ ಕೇಳಿದರೆ, ತೋರಿಸಲು ಈ ಹುಡುಗರ ಫೈಲುಗಳೇ ಉಳಿದಿರಬಹುದು. ಅದಕ್ಕೇ ಈ ಬರಹ.

ಗಾಡಿಗೆ ಸಮವಸ್ತ್ರ

ಲಿವರಿ ಅನ್ನುವುದು ಮೊದಲಿಗೆ ಗಾಡಿಯ ಪದವಲ್ಲ. ಯುರೋಪಿನಲ್ಲಿ ದೊಡ್ಡ ಸಾಹುಕಾರರು ತಮ್ಮ ಆಳುಗಳಿಗೆ ಕೊಡುತ್ತಿದ್ದ ಸಮವಸ್ತ್ರಕ್ಕೆ ಆ ಹೆಸರಿತ್ತು. ಬಟ್ಟೆ ನೋಡಿದರೆ ಇವನು ಯಾರ ಮನೆಯ ಆಳು ಅಂತ ತಿಳಿಯಬೇಕು. ನಮ್ಮಲ್ಲಿ ಕಚೇರಿಯ ಜವಾನನ ದವಾಲಿ ಇದ್ದ ಹಾಗೆ. ಮುಂದೆ ಅದೇ ಪದ ಕುದುರೆ ಗಾಡಿಗೆ, ರೈಲಿಗೆ, ಬಸ್ಸಿಗೆ, ವಿಮಾನಕ್ಕೆ ಬಂತು.

ರೇಸ್ ಕಾರಿಗೂ ಹಾಗೆಯೇ. 1900ರ ನಂತರದ ಗೋರ್ಡನ್ ಬೆನೆಟ್ ಕಪ್ ಎಂಬ ಪಂದ್ಯದ ಕಾಲದಲ್ಲಿ ದೇಶಕ್ಕೊಂದು ಬಣ್ಣ ಅನ್ನುವ ಪದ್ಧತಿ ಬೆಳೆಯಿತು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಪಂದ್ಯಕ್ಕೆ ಬ್ರಿಟಿಷರು ಹಸಿರು ಹಚ್ಚಿಕೊಂಡು ಬಂದರು. ಮುಂದೆ ಇಟಲಿಗೆ ಕೆಂಪು ಖಾಯಂ ಆಯಿತು. 1968ರಲ್ಲಿ ಫಾರ್ಮುಲಾ ಒನ್‌ನ ಲೋಟಸ್ ತಂಡ ತನ್ನ ದೇಶದ ಹಸಿರು ಬಿಟ್ಟು ಒಂದು ಸಿಗರೇಟ್ ಕಂಪನಿಯ ಬಣ್ಣ ಹಾಕಿಕೊಂಡಿತು. ಅಲ್ಲಿಂದ ಕಾರಿನ ಮೈ ಜಾಹೀರಾತಿನ ಗೋಡೆಯಾಯಿತು. 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಎಂಬ ಕಲಾವಿದ ಒಂದು ಬಿಎಂಡಬ್ಲ್ಯು ಕಾರಿಗೆ ಬಣ್ಣ ಬರೆದುಕೊಟ್ಟ. ಆ ಕಾರು ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಓಡಿತು.

ದೇಶ, ಕಂಪನಿ, ಕಲಾವಿದ. ಗಾಡಿಯ ಬಣ್ಣ ಇವಳ ಯಾರದು, ಇವನ ಯಾರವನು ಅಂತ ಹೇಳುವ ಕೆಲಸವನ್ನು ಯಾವತ್ತೂ ಬಿಟ್ಟಿಲ್ಲ.

ಟೇಲರ್ ಕಟಿಂಗ್ ಮಾಡಿದ ಹಾಗೆ

ಕಂಪ್ಯೂಟರ್ ಒಳಗಿನ ಗಾಡಿಗೆ ಬಣ್ಣ ಹಚ್ಚುವುದು ಹೇಗೆ? ಅಲ್ಲಿ ತಗಡಿಲ್ಲ, ಬ್ರಷ್ ಇಲ್ಲ. 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ ಕ್ಯಾಟ್‌ಮಲ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೊಂದು ದಾರಿ ತೋರಿಸಿದ. ಸಪಾಟಾದ ಒಂದು ಚಿತ್ರವನ್ನು ತೆಗೆದುಕೊಂಡು ಉಬ್ಬು ತಗ್ಗು ಇರುವ ವಸ್ತುವಿನ ಮೈಗೆ ಸುತ್ತುವುದು. ಇದಕ್ಕೆ ‘ಟೆಕ್ಸ್‌ಚರ್ ಮ್ಯಾಪಿಂಗ್’ ಅಂತ ಹೆಸರು. ಮುಂದೆ ಇದೇ ಕ್ಯಾಟ್‌ಮಲ್ ಪಿಕ್ಸಾರ್ ಎಂಬ ಕಾರ್ಟೂನ್ ಸಿನಿಮಾ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ.

ಟೇಲರ್ ಅಂಗಡಿ ನೆನಪಿಸಿಕೊಳ್ಳಿ. ಕುಪ್ಪಸ ಹೊಲಿಯುವ ಮೊದಲು ಟೇಲರ್ ಬಟ್ಟೆಯನ್ನು ನೆಲಕ್ಕೆ ಹಾಸಿ ತೋಳು, ಬೆನ್ನು, ಎದೆ ಅಂತ ಬೇರೆ ಬೇರೆ ತುಂಡು ಕತ್ತರಿಸುತ್ತಾನೆ. ಹೊಲಿದ ಮೇಲೆ ಮೈಗೆ ಕೂಡುತ್ತದೆ. ಆಟದ ಬಸ್ಸೂ ಹಾಗೆಯೇ. ಬಸ್ಸಿನ ಎಡಬದಿ, ಬಲಬದಿ, ಮೂತಿ, ಬೆನ್ನು, ಮಾಳಿಗೆ ಎಲ್ಲವನ್ನೂ ಬಿಚ್ಚಿ ಒಂದೇ ಚೌಕಾಕಾರದ ಚಿತ್ರದಲ್ಲಿ ಹಾಸಿರುತ್ತಾರೆ. ಅದಕ್ಕೆ ‘ಟೆಂಪ್ಲೇಟ್’ ಅನ್ನುತ್ತಾರೆ. ಅದರ ಮೇಲೆ ನೀವು ಬಣ್ಣ ಹಚ್ಚಿದರೆ ಆಟ ಅದನ್ನು ತಾನೇ ಹೊಲಿದು ಬಸ್ಸಿಗೆ ತೊಡಿಸುತ್ತದೆ.

ಆಡುವವರೇ ಬಣ್ಣ ಹಚ್ಚುವ ರೂಢಿ ರೇಸಿಂಗ್ ಆಟಗಳಿಂದ ಬಂತು. 1999ರ ‘ರೀ-ವೋಲ್ಟ್’ ಎಂಬ ಆಟಿಕೆ ಕಾರುಗಳ ರೇಸಿನಲ್ಲಿ ಪ್ರತಿ ಕಾರಿಗೂ ಒಂದು ಫೋಲ್ಡರ್, ಅದರಲ್ಲಿ ಕಾರಿನ ಬಣ್ಣದ ಒಂದು ಸಣ್ಣ ಚಿತ್ರ ಇರುತ್ತಿತ್ತು. ಅಳತೆ 256×256 ಚುಕ್ಕೆ. ಕಂಪ್ಯೂಟರಿನಲ್ಲೇ ಬರುವ ಪೇಂಟ್ ಪ್ರೋಗ್ರಾಮಿನಲ್ಲಿ ಅದನ್ನು ತೆರೆದು ಬಣ್ಣ ಬದಲಿಸಿ ಸೇವ್ ಮಾಡಿದರೆ ಮುಗಿಯಿತು, ಹೊಸ ಕಾರು ಸಿದ್ಧ. 2003ರ ‘ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್’ ಆಟ ಕಾರಿಗೆ ಸ್ಟಿಕ್ಕರ್ ಅಂಟಿಸುವುದನ್ನು ಆಟದ ಒಳಗೇ ತಂದಿತು. 2005ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ನಲ್ಲಿ ಗೋಲ, ಚೌಕ, ಗೆರೆಗಳನ್ನು ಒಂದರ ಮೇಲೊಂದು ಜೋಡಿಸಿ ಏನು ಬೇಕಾದರೂ ಬಿಡಿಸಬಹುದಿತ್ತು.

ನಮ್ಮ ಬಸ್ಸು ತೊಟ್ಟ ಅಂಗಿಗಳು

ಈಗ ನಮ್ಮ ಊರಿಗೆ ಬರೋಣ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಶುರುವಾಯಿತು. ಅದೇ ನಿಜಾಮ್ ರೈಲ್ವೆ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರನ್ನು ಇಟ್ಟುಕೊಂಡು ರಸ್ತೆ ಸಾರಿಗೆ ವಿಭಾಗ ತೆರೆಯಿತು. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸಿನ ಮೂಲ ಅದು. ಅಂದರೆ ನಮ್ಮ ಭಾಗದಲ್ಲಿ ಸರ್ಕಾರಿ ಬಸ್ಸು ಹುಟ್ಟಿದ್ದು ರೈಲಿನ ಹೊಟ್ಟೆಯಲ್ಲಿ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗೆ ರೈಲು ಬಂತು. ಚಿಂಚೋಳಿಗೆ ಬರಲಿಲ್ಲ. ಅಲ್ಲಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಕಾಲೇಜು, ಆಸ್ಪತ್ರೆ, ಕೋರ್ಟು, ಬೀಗರ ಮನೆ, ಎಲ್ಲದಕ್ಕೂ ಬಸ್ಸೇ. ಹಾಗಾಗಿ ಚಿಂಚೋಳಿಯ ಹುಡುಗ ಆಟದಲ್ಲಿ ರೇಸ್ ಕಾರು ಬಿಟ್ಟು ಬಸ್ಸನ್ನೇ ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಅವನು ಹುಟ್ಟಿನಿಂದ ನೋಡಿದ ದೊಡ್ಡ ಗಾಡಿ ಅದು.

1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1961ರ ಆಗಸ್ಟ್ 1ಕ್ಕೆ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಆಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆದಾಗ ಬಸ್ಸಿನ ಮೈಮೇಲಿನ ಹೆಸರೂ ಬದಲಾಯಿತು. 2000ದಲ್ಲಿ ನಮ್ಮ ಭಾಗದ ಬಸ್ಸುಗಳಿಗೆ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಅಂತ ಬೇರೆ ಮನೆ ಕಟ್ಟಿಕೊಟ್ಟರು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದರ ಹಿಂದೆಯೇ ಈಶಾನ್ಯ ಸಂಸ್ಥೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು. ಈಗ ಅದರ ಸ್ಲೀಪರ್ ಬಸ್ಸುಗಳಿಗೆ ‘ಅಮೋಘವರ್ಷ’ ಅಂತ ಹೆಸರಿದೆ. ಆ ಅರಸನ ರಾಜಧಾನಿ ಮಳಖೇಡ ಇರುವುದು ನಮ್ಮ ಸೇಡಂ ತಾಲೂಕಿನಲ್ಲೇ.

ಒಂದೊಂದು ಸಲ ಹೆಸರು ಬದಲಾದಾಗಲೂ ಯಾರೋ ಒಬ್ಬ ಪೇಂಟರ್ ಹಳೆಯದನ್ನು ಒರೆಸಿ ಹೊಸದನ್ನು ಬರೆದಿದ್ದಾನೆ. ಇನಾಮಲ್ ಬಣ್ಣ, ಚಪ್ಪಟೆ ಬ್ರಷ್, ಗೆರೆ ಹೊಡೆಯಲು ದಾರ. ಅಂಗಡಿ ಬೋರ್ಡು, ಕಲ್ಲು ಹೊರುವ ಲಾರಿಯ ಹಿಂಬದಿಯ ಹೂವು, ಬಸ್ಸಿನ ಊರಿನ ಹೆಸರು, ಎಲ್ಲ ಕೈಬರಹ. ಆಮೇಲೆ ಫ್ಲೆಕ್ಸ್ ಬಂತು, ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಬಂತು, ಈಗ ಎಲ್‌ಇಡಿ ಬೋರ್ಡು. ಪೇಂಟರ್ ಕೈ ಖಾಲಿಯಾಯಿತು. ಅವನು ಬರೆದ ಬಸ್ಸುಗಳು ಗುಜರಿಗೆ ಹೋದವು. ಬಸ್ಸಿನ ಫೋಟೋ ತೆಗೆದಿಡಬೇಕು ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ಮದುವೆಗೇ ಫೋಟೋ ಕಷ್ಟ ಇದ್ದ ಕಾಲ ಅದು.

ಬ್ರಷ್ ಮತ್ತೆ ಸಿಕ್ಕಿದ್ದು ಮೊಬೈಲ್‌ನಲ್ಲಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. 2017ರಲ್ಲಿ ಬಸ್‌ಸಿಡ್ ಬಂತು. ಬಸ್ಸಿಗೆ ನಿಮ್ಮದೇ ಬಣ್ಣ ಹಾಕಿಕೊಳ್ಳಿ ಅನ್ನುವುದೇ ಈ ಆಟದ ಆಕರ್ಷಣೆ. ಮುಂದೆ ಬೇರೆ ಬೇರೆ ಗಾಡಿಗಳ ಮಾದರಿಯನ್ನೇ ಸೇರಿಸಲು ಅವಕಾಶ ಕೊಟ್ಟರು, ಅದಕ್ಕೆ ‘ಮಾಡ್’ ಅನ್ನುತ್ತಾರೆ. ಇನ್ನೊಂದು ಅನುಕೂಲ ಏನೆಂದರೆ ಇಂಡೋನೇಷ್ಯಾದಲ್ಲೂ ನಮ್ಮ ಹಾಗೆ ಎಡಬದಿಗೇ ಗಾಡಿ ಓಡಿಸುತ್ತಾರೆ, ಸ್ಟೇರಿಂಗ್ ಬಲಕ್ಕೆ. ನಮ್ಮ ಬಸ್ಸು ಅಲ್ಲಿ ಪರದೇಶಿ ಅನ್ನಿಸುವುದಿಲ್ಲ.

ಕೆಲಸ ಮಾಡುವ ರೀತಿ ಹೀಗೆ. ಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ನಾಲ್ಕೂ ಬದಿಯ ಫೋಟೋ ತೆಗೆಯಬೇಕು. ಆಮೇಲೆ ಪಿಕ್ಸೆಲ್‌ಲ್ಯಾಬ್, ಪಿಕ್ಸ್‌ಆರ್ಟ್ ಅಂಥ ಆ್ಯಪ್‌ನಲ್ಲಿ ಟೆಂಪ್ಲೇಟ್ ತೆರೆದು ಮೊದಲು ಮೈಬಣ್ಣ, ಅದರ ಮೇಲೆ ಪಟ್ಟಿ, ಅದರ ಮೇಲೆ ಅಕ್ಷರ, ಕೊನೆಗೆ ನಂಬರ್. ಪದರದ ಮೇಲೆ ಪದರ. ಗಾಜು ಇರುವ ಜಾಗ ಪಾರದರ್ಶಕವಾಗಿಯೇ ಉಳಿಯಬೇಕು, ಅದಕ್ಕೇ ಪಿಎನ್‌ಜಿ ಫೈಲಾಗಿ ಸೇವ್ ಮಾಡುತ್ತಾರೆ.

ಕಷ್ಟ ಬರುವುದು ಕನ್ನಡ ಅಕ್ಷರದಲ್ಲಿ. ಕೆಲವು ಟೆಂಪ್ಲೇಟ್‌ಗಳಲ್ಲಿ ಎಡಬದಿಗೂ ಬಲಬದಿಗೂ ಒಂದೇ ತುಂಡು ಬಳಸಿರುತ್ತಾರೆ. ಆಗ ಒಂದು ಬದಿಯಲ್ಲಿ ಅಕ್ಷರ ಸರಿ, ಇನ್ನೊಂದು ಬದಿಯಲ್ಲಿ ಕನ್ನಡಿಯೊಳಗಿನ ಹಾಗೆ ತಿರುವುಮುರುವು. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಬೋರ್ಡಿನ ಜಾಗದಲ್ಲಿ ‘ಚಿತ್ತಾಪುರ’ ಅಂತ ಬರೆದರೆ ತ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. ಹುಡುಗರು ಅಕ್ಷರ ಸಣ್ಣದು ಮಾಡಿ, ಮೇಲೆತ್ತಿ, ಕೂಡಿಸಿ ನೋಡುತ್ತಾರೆ. ಹಳೆಯ ಪೇಂಟರ್‌ಗೂ ತಗಡಿನ ಮೇಲೆ ಇದೇ ತಾಪತ್ರಯ ಇತ್ತು.

ಇದರಲ್ಲಿ ಒಂದು ಖುಷಿಯೂ ಇದೆ. ಕನ್ನಡ ಬರದ ಆಟದಲ್ಲೂ ಕನ್ನಡ ಬರೆಯಬಹುದು, ಯಾಕೆಂದರೆ ಆಟಕ್ಕೆ ಅದು ಬರೀ ಚಿತ್ರ. ಫಾಂಟ್ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಬಣ್ಣ ಅಳಿಸಿದಾಗ ಉಳಿಯುವುದು

ಕೇರಳದ ಕಥೆ ನೋಡಿ. ಅಲ್ಲಿ ಟೂರಿಸ್ಟ್ ಬಸ್ಸುಗಳ ಮೈತುಂಬ ಚಿತ್ತಾರ ಇರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ವಡಕ್ಕೆಂಚೇರಿ ಬಳಿ ಭೀಕರ ಅಪಘಾತ ಆಯಿತು. ಆಮೇಲೆ ಟೂರಿಸ್ಟ್ ಬಸ್ಸೆಲ್ಲ ಬಿಳಿಯೇ ಇರಬೇಕು, ನೇರಳೆ ಮತ್ತು ಬಂಗಾರದ ಪಟ್ಟಿ ಮಾತ್ರ ಅನ್ನುವ ನಿಯಮವನ್ನು ಬಿಗಿಯಾಗಿ ಜಾರಿ ಮಾಡಿದರು. ರಸ್ತೆಯ ಮೇಲೆ ಚಿತ್ತಾರ ಹೋಯಿತು. ಬಸ್‌ಸಿಡ್ ಆಡುವ ಹುಡುಗರ ಮೊಬೈಲಿನಲ್ಲಿ ಉಳಿಯಿತು. ನಿಯಮ ಸರಿಯೋ ತಪ್ಪೋ, ಅದು ಬೇರೆ ಮಾತು. ರಸ್ತೆಯಿಂದ ಅಳಿಸಿದ್ದು ಆಟದಲ್ಲಿ ದಾಖಲೆಯಾಗಿ ಕೂತಿತು ಅನ್ನುವುದು ಗಮನಿಸಬೇಕಾದ ಸಂಗತಿ.

ನಮ್ಮ ಸ್ಕಿನ್‌ಗಳನ್ನೂ ಹಾಗೆ ಓದಬಹುದು. ಒಂದು ಬಸ್ಸಿನ ಮೇಲೆ ‘ಈಶಾನ್ಯ’ ಅಂತಲೂ ‘ಗುಲಬರ್ಗಾ’ ಅಂತಲೂ ಇದ್ದರೆ ಅದು 2000ದಿಂದ 2014ರ ಒಳಗಿನ ಬಸ್ಸು. ‘ಈಶಾನ್ಯ’ ಮತ್ತು ‘ಕಲಬುರಗಿ’ ಇದ್ದರೆ 2014ರ ಆಚೆಯದು. ‘ಕಲ್ಯಾಣ’ ಇದ್ದರೆ 2019ರ ನಂತರದ್ದು. ಶಾಸನ ಓದುವವರು ಕಾಲ ಗುರುತಿಸುವುದೂ ಹೀಗೆಯೇ, ಅರಸನ ಹೆಸರು, ಊರಿನ ಹೆಸರು ನೋಡಿ.

ಆದರೆ ಈ ಫೈಲುಗಳ ಆಯುಷ್ಯ ಬಹಳ ಕಡಿಮೆ. ಯೂಟ್ಯೂಬ್, ಟೆಲಿಗ್ರಾಂ ಲಿಂಕುಗಳು ಕೆಲವು ತಿಂಗಳಲ್ಲಿ ಸಾಯುತ್ತವೆ. ಮೊಬೈಲ್ ಬಿದ್ದು ಒಡೆದರೆ ಎಲ್ಲ ಹೋಯಿತು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಹೆಸರು ಅಳಿಸಿ ತನ್ನದೆಂದು ಹಾಕುತ್ತಾನೆ. ಲಾರಿಯ ಹೂವಿನ ಕೆಳಗೆ ಪೇಂಟರ್ ಸಣ್ಣದಾಗಿ ತನ್ನ ಹೆಸರು ಬರೆಯುತ್ತಿದ್ದ. ಅಷ್ಟೂ ಈಗ ಉಳಿಯುತ್ತಿಲ್ಲ.

ಅದಕ್ಕೆ ಸ್ಕಿನ್ ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ಮೂರು ಮಾತು. ಒಂದು, ಬಸ್ಸಿನ ಮೂಲ ಫೋಟೋ ಅಳಿಸಬೇಡಿ, ಸ್ಕಿನ್ ಜೊತೆ ಒಂದೇ ಫೋಲ್ಡರಿನಲ್ಲಿಡಿ. ಎರಡು, ಫೈಲಿನ ಹೆಸರಿನಲ್ಲೇ ಡಿಪೋ, ಮಾರ್ಗ, ಫೋಟೋ ತೆಗೆದ ತಿಂಗಳು ವರ್ಷ ಬರೆಯಿರಿ. ಮೂರು, ನಿಮ್ಮ ಹೆಸರು ಹಾಕಿ, ಬೇರೆಯವರ ಹೆಸರು ತೆಗೆಯಬೇಡಿ. ಮನೆಯಲ್ಲಿ ಹಿರಿಯರ ಹತ್ತಿರ ಹಳೆಯ ಬಸ್ಸಿನ ಮುಂದೆ ನಿಂತ ಫೋಟೋ ಇದ್ದರೆ ಅದನ್ನು ನೋಡಿ ಆ ಬಸ್ಸನ್ನೂ ಮಾಡಿ. ಊರಿನಲ್ಲಿ ಬಸ್ಸಿಗೆ ಬರೆದ ಹಳೆಯ ಪೇಂಟರ್ ಇದ್ದರೆ ಹೋಗಿ ಕೇಳಿ, ಪಟ್ಟಿ ಎಷ್ಟು ಅಗಲ ಇತ್ತು, ಅಕ್ಷರ ಯಾವ ಬಣ್ಣ ಇತ್ತು ಅಂತ. ಇದನ್ನು ಹೇಳಬಲ್ಲವರು ಇನ್ನು ಬಹಳ ಮಂದಿ ಉಳಿದಿಲ್ಲ.

ಹೆಸರು ಬರೆಯುವುದು ಯಾಕೆ ಮುಖ್ಯ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಒಂದು ಕಲ್ಲಿನ ಫಲಕ ಸಿಕ್ಕಿದೆ. ಅದರಲ್ಲಿ ಒಬ್ಬ ರಾಜ, ರಾಣಿ, ಸೇವಕಿಯರು. ಅಂಥ ಕೆತ್ತನೆಗಳು ದೇಶದಲ್ಲಿ ಬೇಕಾದಷ್ಟಿವೆ. ಆದರೆ ಈ ಚಿತ್ರದ ಜೊತೆ ‘ರಾಜ ಅಶೋಕ’ ಎಂಬ ಅರ್ಥದ ಎರಡು ಪದಗಳನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾರೆ. ಅಷ್ಟಕ್ಕೇ ಅದು ಜಗತ್ತಿಗೆ ಗೊತ್ತಾಯಿತು. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಕೆತ್ತಿದವನು ಮಾತ್ರ ತನ್ನ ಹೆಸರು ಬರೆದುಕೊಳ್ಳಲಿಲ್ಲ. ನೀವು ಬರೆದುಕೊಳ್ಳಿ.