ಮುತ್ತಿಗೆಯ ಊಟ, ಸೆರೆಮನೆಯ ಊಟ

೧೮೭೦ನೆಯ ಇಸವಿ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿತು. ಅದು ತೆರವಾದದ್ದು ಮರುವರ್ಷ ಜನವರಿಯ ಕೊನೆಯಲ್ಲಿ. ಊಟದ ರಸಿಕತೆಗೆ ಹೆಸರಾದ ಆ ಊರಿನ ಜನ ಮೊದಲು ಕುದುರೆಗಳನ್ನು ತಿಂದರು. ಬಳಿಕ ನಾಯಿ, ಬೆಕ್ಕು, ಇಲಿಗಳಿಗೂ ಇಳಿದರು. ಕ್ಯಾಸ್ಟರ್, ಪೋಲಕ್ಸ್ ಎಂಬ ಎರಡು ಆನೆಗಳು ಕೂಡ ಕಟುಕನ ಅಂಗಡಿ ಸೇರಿದವು. ಈ ಆನೆಗಳ ಕಥೆಯನ್ನು ಹೇಳದ ಇತಿಹಾಸಕಾರರು ಕಡಮೆ. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಅದೇ ಊರಿನ ಒಬ್ಬ ವೈದ್ಯ ಆ ಕಷ್ಟಕಾಲದಲ್ಲಿ ಕಂಡ ಸಂಗತಿ.

ಆತನ ಹೆಸರು ಅಪೊಲಿನೇರ್ ಬುಶಾರ್ದಾ. ಪ್ಯಾರಿಸ್ಸಿನ ವೈದ್ಯ ವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕ. ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಮಧುಮೇಹಿಗಳ ಪಥ್ಯವನ್ನು ಅಭ್ಯಾಸ ಮಾಡಿದವನು. ಊರಿಗೆ ಊರೇ ಅರೆಹೊಟ್ಟೆಯಲ್ಲಿದ್ದ ಆ ದಿನಗಳಲ್ಲಿ ಅವನ ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿಯಿತು, ಕೆಲವರಲ್ಲಿ ಕಾಣೆಯೇ ಆಯಿತು. ಯಾವ ಔಷಧವೂ ಮಾಡದಿದ್ದುದನ್ನು ಶತ್ರುಸೈನ್ಯ ಮಾಡಿತ್ತು! ಆದಷ್ಟು ಕಡಮೆ ತಿನ್ನಿ, ಮೈಮುರಿದು ದುಡಿಯಿರಿ ಎಂಬುದೇ ಅವನ ಚಿಕಿತ್ಸೆಯ ತಿರುಳಾಯಿತು.

ನಮ್ಮವರಿಗೆ ಇದು ಹೊಸ ಮಾತಲ್ಲ. ಸುಶ್ರುತ ಸಂಹಿತೆ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯ ರೋಗಿ ಕೃಶ. ಎರಡನೆಯವನು ಸ್ಥೂಲ, ಬಹಳ ಉಣ್ಣುವವನು, ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲದವನು. ನೂರು ಯೋಜನ ನಡೆಯುವುದು, ಬಾವಿ ತೋಡುವುದು ಅಲ್ಲಿ ಹೇಳಿರುವ ಚಿಕಿತ್ಸೆಗಳಲ್ಲಿ ಸೇರಿವೆ. ಇಂದಿನ ವೈದ್ಯರು ಮೂವತ್ತು ನಿಮಿಷದ ವಾಯುವಿಹಾರಕ್ಕೇ ನಮ್ಮನ್ನು ಬಿಟ್ಟಿರುವುದು ದೊಡ್ಡ ಕರುಣೆ.

ಈ ವಿಂಗಡಣೆ ಬರಿಯ ಪಾಂಡಿತ್ಯದ ವಿಷಯವಲ್ಲ, ಜೀವದ ವಿಷಯ. ೧೯೧೪ರ ಸುಮಾರಿನಿಂದ ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯ ಉಪವಾಸವನ್ನೇ ಚಿಕಿತ್ಸೆಯಾಗಿ ಮಾಡಿದ. ದಪ್ಪಗಿದ್ದ ನಡುವಯಸ್ಕರಿಗೆ ಅದು ಒಗ್ಗಿತು. ಆದರೆ ತಮ್ಮ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದ್ದ ಎಳೆಯರನ್ನೂ ಹಾಗೆಯೇ ಹಸಿವಿನಲ್ಲಿ ಇಟ್ಟರು. ಬೇರೆ ಉಪಾಯವಿರಲಿಲ್ಲ, ನಿಜ. ಕೆಲವರು ಅದರಿಂದಲೇ ಇನ್ಸುಲಿನ್ ಬರುವ ತನಕ ಉಸಿರು ಹಿಡಿದುಕೊಂಡರು. ೧೯೨೨ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲ ರೋಗಿ ಲೆನರ್ಡ್ ಥಾಮ್ಸನ್‌ಗೆ ಹದಿನಾಲ್ಕು ವರ್ಷ. ತೂಕ ೩೦ ಕಿಲೋಗ್ರಾಂ ಕೂಡ ಇರಲಿಲ್ಲ. ಸಕ್ಕರೆ ಕಾಯಿಲೆಯವರನ್ನೆಲ್ಲ ಬಾಯಿಚಪಲದವರೆಂದು ಹಂಗಿಸುವವರು ಈ ಹುಡುಗನನ್ನು ಒಮ್ಮೆ ನೆನೆಯಬೇಕು.

ಕಡಮೆ ತಿಂದರೆ ಏನಾಗುತ್ತದೆಂದು ಪ್ಯಾರಿಸ್ ತೋರಿಸಿತು. ಹೆಚ್ಚು ತಿಂದರೆ? ಆರೋಗ್ಯವಂತರನ್ನೇ ಬೇಕೆಂದು ದಪ್ಪ ಮಾಡಿ ನೋಡುವ ಕೆಲಸಕ್ಕೆ ೧೯೬೦ರ ದಶಕದಲ್ಲಿ ಕೈಹಾಕಿದವನು ವರ್ಮಾಂಟ್ ವಿಶ್ವವಿದ್ಯಾನಿಲಯದ ಈಥನ್ ಸಿಮ್ಸ್. ಮೊದಲು ವಿದ್ಯಾರ್ಥಿಗಳನ್ನು ಹಿಡಿದ. ಅವರು ಎಷ್ಟು ತಿಂದರೂ ಬೇಕಾದಷ್ಟು ದಪ್ಪವಾಗಲಿಲ್ಲ. ಆಮೇಲೆ ಆ ರಾಜ್ಯದ ಸೆರೆಮನೆಯ ಕೈದಿಗಳು ಒಪ್ಪಿ ಮುಂದೆ ಬಂದರು. (ಸೆರೆಯಲ್ಲಿರುವವನ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಇಂದಾಗಿದ್ದರೆ ಅಂಥ ಪ್ರಯೋಗಕ್ಕೆ ಅನುಮತಿ ದೊರೆಯುವುದು ಕಷ್ಟ.) ತಿಂಗಳುಗಟ್ಟಲೆ ಉಂಡು ಹಲವರ ತೂಕ ಐದನೆಯ ಒಂದು ಪಾಲಿನಷ್ಟು ಏರಿತು. ಅವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿತು. ಆದರೂ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತು. ಮಧುಮೇಹದ ಮೊದಲ ಮೆಟ್ಟಿಲಿನ ಲಕ್ಷಣಗಳು ಸೌಟಿನಿಂದಲೇ ಹುಟ್ಟಿದ್ದವು. ಊಟ ಇಳಿಸಿ ತೂಕ ಇಳಿದ ಮೇಲೆ ಅವು ಹೋದವು.

ಅಷ್ಟಕ್ಕೆ ತಿಂಗಳುಗಳೇ ಬೇಕಿಲ್ಲವೆಂದು ೨೦೧೫ರಲ್ಲಿ ತಿಳಿಯಿತು. ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ಗುಂಥರ್ ಬೋಡನ್ ಮತ್ತು ಸಂಗಡಿಗರು ಆರು ಮಂದಿ ಆರೋಗ್ಯವಂತ ಗಂಡಸರನ್ನು ಒಂದು ವಾರ ಹಾಸಿಗೆಯಲ್ಲೇ ಇರಿಸಿ, ದಿನಕ್ಕೆ ಸುಮಾರು ೬,೦೦೦ ಕ್ಯಾಲರಿ ಉಣಿಸಿದರು. ಎರಡು ಮೂರು ದಿನಗಳಲ್ಲೇ ಇನ್ಸುಲಿನ್ನಿನ ಮಾತಿಗೆ ಮೈ ಕಿವಿಗೊಡದಾಯಿತು. ವಾರದ ಕೊನೆಗೆ ತೂಕ ಏರಿದ್ದು ಮೂರೂವರೆ ಕಿಲೋಗ್ರಾಂ.

ಮದುವೆಮನೆಯಲ್ಲಿ ಒಂದು ಹೋಳಿಗೆ ಹೆಚ್ಚು ತಿಂದವರು ಇದನ್ನೋದಿ ಗಾಬರಿಯಾಗಬೇಕಿಲ್ಲ. ಆ ಆರು ಜನರಿಗೆ ಮಧುಮೇಹ ಬರಲಿಲ್ಲ. ಆದರೆ ಒಂದು ವಾರದ ಈ ಚಾಳಿ ವರ್ಷಗಳಿಗೆ ಹಬ್ಬಿದರೆ, ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುವ ಮೇದೋಜೀರಕ ಗ್ರಂಥಿ ಕೆಲವರಲ್ಲಿ ಕಡೆಗೆ ಸೋಲುತ್ತದೆ. ಅದು ಯಾರಲ್ಲಿ ಎಂಬುದರಲ್ಲಿ ವಂಶದ ಪಾಲೂ ಇದೆ. ಭಾರತೀಯರಲ್ಲಿ ಯೂರೋಪಿಯನ್ನರಿಗಿಂತ ಕಡಮೆ ತೂಕಕ್ಕೇ ರೋಗ ತಲೆಹಾಕುತ್ತದೆ. ಸೋಲುವ ತನಕ ಹೊರಗೆ ಏನೂ ಕಾಣದು. ಆ ಆರು ಜನ ಬುಶಾರ್ದಾನ ಕೈಗೆ ಸಿಕ್ಕಿದ್ದರೆ ಅವರ ಮೂತ್ರವನ್ನು ಪರೀಕ್ಷಿಸಿ, ನಿಮಗೇನೂ ಆಗಿಲ್ಲವೆಂದು ಹೇಳಿ ಮನೆಗೆ ಕಳಿಸಿಬಿಡುತ್ತಿದ್ದನೋ ಏನೋ.