ಅಂಚುಬೇಲಿ

ಮನೆಯ ಮುಂದಿನ ಕೈತೋಟದಲ್ಲಿ ಕಾಲುದಾರಿ ಅಥವಾ ಹೂಮಡಿಯ ಅಂಚಿಗೆ ಒತ್ತಾಗಿ ನೆಟ್ಟು, ಸವರಿ ಬೆಳೆಸುವ ಗಿಡಗಳ ಸಾಲು. ಎತ್ತರ ಸಾಮಾನ್ಯವಾಗಿ 60 ಸೆಂಮೀ. ಒಳಗೆ. ಹೊಲದ ಬೇಲಿ ದನ ತಡೆಯಬೇಕು. ಇದು ಗಡಿ ತೋರಿಸಿದರೆ ಸಾಕು.

ಆಯ್ಕೆ: ಸವರದೆ ಬಿಟ್ಟರೆ ಗಿಡ ಎಷ್ಟೆತ್ತರ ಹೋದೀತು ಎಂಬುದನ್ನು ಮೊದಲು ನೋಡಬೇಕು. ಹೊನಗೊನ್ನೆ ಸೊಪ್ಪಿನ ಕುಲಕ್ಕೇ ಸೇರಿದ ಬಣ್ಣದೆಲೆಯ ಆಲ್ಟರ್ನಾಂತೆರ ಮತ್ತು ಮೆಕ್ಸಿಕೊ ಕಡೆಯ ಕೂಫಿಯ ಸ್ವಭಾವತಃ ಗಿಡ್ಡ. ದಕ್ಷಿಣ ಭಾರತದ್ದೇ ಆದ ಕೇಪಳದ ಕುಬ್ಜ ತಳಿಗಳಿಗೆ ಹುಳಿಮಣ್ಣು ಒಗ್ಗುತ್ತದೆ. ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಎಲೆ ಹಳದಿಗಟ್ಟುತ್ತದೆ. ಹೂಗೊಂಚಲು ಕುಡಿಯಲ್ಲೇ ಬರುವುದರಿಂದ ಪದೇ ಪದೇ ಸವರಿದರೆ ಹೂವಿಲ್ಲ. ಕಾಡು ಕರಿಬೇವು ಸುವಾಸನೆಯದಾದರೂ ನಿಂಬೆ ಜಾತಿಯ ಮರಗಳಿಗೆ ಹಸಿರುರೋಗ ಹರಡುವ ಸಿಲಿಡ್ ಕೀಟಕ್ಕೆ ಆಸರೆ. ನಿಂಬೆಗಿಡದ ಬಳಿ ಬೇಡ. ಹೊಂಬಣ್ಣದ ಡುರಾಂಟಕ್ಕೆ ಪೂರ್ತಿ ಬಿಸಿಲು ಬೇಕು, ನೆರಳಿನಲ್ಲಿ ಹಸಿರಾಗುತ್ತದೆ.

ನಾಟಿ, ಸವರಿಕೆ: ಮಳೆಗಾಲದ ಮೊದಲಲ್ಲಿ, ಗಿಡದ ಹರವು ನೋಡಿ 15–30 ಸೆಂಮೀ. ಅಂತರದಲ್ಲಿ ನೆಡಬಹುದು. ಎಳೆಯದಿರುವಾಗಲೇ ಕುಡಿ ಚಿವುಟಿದರೆ ಪಕ್ಕದ ಮೊಗ್ಗುಗಳು ಚಿಗುರಿ ಬುಡ ತುಂಬುತ್ತದೆ. ಬುಡ ಅಗಲ, ತಲೆ ಕಿರಿದಾಗಿ ಸವರಬೇಕು. ಇಲ್ಲವಾದರೆ ಬಿಸಿಲು ಕಾಣದ ಬುಡ ಬೋಳಾಗುತ್ತದೆ.

ಲಂಟಾನದ ಇತಿಹಾಸ: ಬೇಲಿಗಿಡದ ಆಯ್ಕೆ ಮನೆಯಂಗಳದ ವಿಷಯ ಮಾತ್ರವಲ್ಲ ಎಂಬುದಕ್ಕೆ ಲಂಟಾನವೇ ಸಾಕ್ಷಿ. ಉಷ್ಣವಲಯದ ಅಮೆರಿಕದ ಈ ಪೊದೆ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂತು, ಬೇಲಿಗೂ ಬಳಕೆಯಾಯಿತು. ಬೇಲಿಗೆ ಒದಗಿದ ಗುಣಗಳೇ ಕಾಡಿಗೆ ಮುಳುವಾದವು. ಎಲೆ ವಿಷವಾದ್ದರಿಂದ ದನ ಮೇಯುವುದಿಲ್ಲ. ಕಡಿದಷ್ಟೂ, ಸುಟ್ಟರೂ ಬುಡದಿಂದ ಚಿಗುರುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೂರ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಇದು ಹುಲ್ಲು ಮತ್ತು ಎಳೆಸಸಿಗಳನ್ನು ಅದುಮಿ ದಟ್ಟವಾಗಿ ಹಬ್ಬಿದೆ. ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಗಳಿಂದ ಪೀಠೋಪಕರಣ ಹೆಣೆಯುತ್ತಾರೆ. ಆದರೆ ಹಬ್ಬುವಿಕೆ ತಡೆಯಲು ಅದೊಂದೇ ಸಾಲದು.

ಡುರಾಂಟವೂ ಉಷ್ಣವಲಯದ ಅಮೆರಿಕದ್ದೇ. ಅದರ ಕಾಯಿ ಮನುಷ್ಯರಿಗೆ ವಿಷ, ಹಕ್ಕಿಗಳಿಗೆ ಆಹಾರ; ಆಸ್ಟ್ರೇಲಿಯದ ಕೆಲವೆಡೆ ಕಳೆಯೆನಿಸಿದೆ. ಸವರುತ್ತಿರುವ ಸಾಲಿನಲ್ಲಿ ಕಾಯಿ ಕಟ್ಟುವುದು ಅಪರೂಪ. ಮನೆ ಖಾಲಿಬಿದ್ದು ಕತ್ತರಿ ನಿಂತಾಗ ಕಟ್ಟುತ್ತದೆ.