ರ‍್ಯಾಗ್ಲನ್ ಸ್ವೆಟರ್ ಹೆಣಿಗೆ
ಕೊರಳಪಟ್ಟಿಯಿಂದ ಆರಂಭಿಸಿ, ದುಂಡು ಕಡ್ಡಿಯಲ್ಲಿ ಸುತ್ತುಸುತ್ತಾಗಿ ಕೆಳಕ್ಕೆ ಹೆಣೆಯುವ ಉಣ್ಣೆಯಂಗಿ. ವಾಟರ್ಲೂ ಕದನದಲ್ಲಿ (1815) ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾನಿ ಲಾರ್ಡ್ ರ‍್ಯಾಗ್ಲನ್‌ನ ಹೆಸರು ಇದರ ಓರೆ ತೋಳಿಗೆ ಬಂದಿದೆ. ಎದೆ, ಬೆನ್ನು, ತೋಳುಗಳು ಕೂಡುವ ನಾಲ್ಕು ಗೆರೆಗಳ ಇಕ್ಕೆಲದಲ್ಲೂ ಒಂದೊಂದು ಕುಣಿಕೆ ಹೆಚ್ಚಿಸುತ್ತ ಹೋಗುತ್ತಾರೆ. ಸಾಮಾನ್ಯವಾಗಿ ಸುತ್ತು ಬಿಟ್ಟು ಸುತ್ತಿಗೆ ಒಟ್ಟು 8 ಕುಣಿಕೆ. ಕಂಕುಳು ಮುಟ್ಟಿದಾಗ ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಅಲ್ಲಿ ಕೆಲವು ಹೊಸ ಕುಣಿಕೆ ಹಾಕಿ ಮೈಭಾಗ ಮುಗಿಸುತ್ತಾರೆ, ಆಮೇಲೆ ತೋಳು. ಕಂಕುಳಲ್ಲಿ ಉಳಿಯುವ ಸಣ್ಣ ತೂತನ್ನು ದಾರದ ತುದಿಯಿಂದಲೇ ಮುಚ್ಚುವುದು ರೂಢಿ. ಹೆಣೆಯುತ್ತಲೇ ತೊಟ್ಟು ಅಳತೆ ನೋಡಬಹುದೆಂಬುದೇ ಇದರ ದೊಡ್ಡ ಅನುಕೂಲ. ಮಕ್ಕಳು ಬೆಳೆದರೆ ಅಂಚು ಬಿಚ್ಚಿ ಉದ್ದ ಮಾಡಲೂಬಹುದು. ಹಿಂಗೊರಳನ್ನು ಅರ್ಧಸಾಲುಗಳಿಂದ (ಸುತ್ತು ಪೂರ್ತಿ ಮಾಡದೆ ನಡುವೆಯೇ ತಿರುಗಿ ಹೆಣೆಯುವ ಸಾಲುಗಳು) ಎತ್ತರಿಸದಿದ್ದರೆ ಮಾತ್ರ ಅಂಗಿ ಗಂಟಲಿಗೆ ಒತ್ತುತ್ತದೆ. ಬಾರ್ಬರಾ ವಾಕರ್ ಅವರ ‘ನಿಟಿಂಗ್ ಫ್ರಮ್ ದ ಟಾಪ್’ (1972) ಈ ವಿಧಾನದ ಪ್ರಸಿದ್ಧ ಕೈಪಿಡಿ.